ಹದ ಬಂದ ದಿನ ಒಂದೇ ಕೆಲಸ

(ರೈತರ ಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ರಾಗಿ ಬಿತ್ತನೆಯ ಕಾಲ ಹತ್ತಿರವಾಯಿತು. ನಿಮ್ಮಲ್ಲಿ ಎಷ್ಟೋ ಮಂದಿ ನನ್ನ ತಂದೆಯ ವಯಸ್ಸಿನವರು. ಕೂರಿಗೆ ಹಿಡಿಯುವುದನ್ನು ನಿಮಗೆ ನಾನು ಕಲಿಸಬೇಕಾದ್ದಿಲ್ಲ. ಎತ್ತು ಕಟ್ಟಿ ಬಿತ್ತುವವರಿಗೆ, ಹದ ಬಂದ ಆ ಎರಡು ಮೂರು ದಿನಗಳ ವಿಷಯವಾಗಿ ಮಾತ್ರ ಒಂದು ಮಾತು ಹೇಳಬೇಕೆಂದಿದ್ದೇನೆ.

ನಮ್ಮ ಕೆಂಪು ಭೂಮಿ ಹೆಚ್ಚು ದಿನ ತೇವ ಹಿಡಿದಿಡುವುದಿಲ್ಲ. ಬಿಸಿಲು ಗಾಳಿ ಬಿದ್ದರೆ ಮೇಲುಮಣ್ಣು ಬೇಗ ಒಣಗುತ್ತದೆ. ರಾಗಿ ಸಣ್ಣ ಕಾಳು; ಒಂದೂವರೆ ಅಂಗುಲಕ್ಕಿಂತ ಆಳಕ್ಕೆ ಬಿದ್ದರೆ ಮೊಳಕೆ ಮೇಲೆ ಬರುವುದು ಕಷ್ಟ. ಆದಕಾರಣ ಅದಕ್ಕೆ ಬೇಕಾದ ತೇವ ಆ ಮೇಲುಮಣ್ಣಿನಲ್ಲೇ ಇರಬೇಕು. ಇಂಥ ದಿನ ನಾವು ಮಾಡುವುದೇನು? ಮೇಲಿನ ಹೊಲದಲ್ಲಿ ನಾಲ್ಕು ಸುತ್ತು ಬಿತ್ತಿ, ಕೆಳಗಿನ ಹೊಲ ಒಣಗೀತೆಂದು ಅಲ್ಲಿಗೆ ಕುಂಟೆ ಹೊಡೆಯಲು ಓಡುತ್ತೇವೆ. ನಡುವೆ ಗೊಬ್ಬರ ಸಾಲದೆಂದು ಸೊಸೈಟಿಗೆ ಒಬ್ಬರು, ಮುರಿದ ತಾಳು ಹಿಡಿದು ಬಡಗಿಯ ಮನೆಗೆ ಒಬ್ಬರು. ಎತ್ತುಗಳು ನೊಗ ಹೊತ್ತು ಸುಮ್ಮನೆ ನಿಂತಿರುತ್ತವೆ. ಸಂಜೆಗೆ ಎರಡೂ ಹೊಲ ಅರ್ಧರ್ಧ. ಬಿತ್ತಿದ್ದಕ್ಕೂ ಮಣ್ಣು ಮುಚ್ಚಿಲ್ಲ, ಇರುವೆಗೆ ಹಬ್ಬ. ದುಡಿಮೆ ಕಡಮೆಯಾಯಿತೆಂದು ಯಾರೂ ಹೇಳಲಾರರು, ಹದ ಮಾತ್ರ ಹೋಯಿತು.

ಕೂರಿಗೆಯ ಬಟ್ಟಲಿಗೆ ಕಾಳು ಬಿಡುವ ಕೈಯನ್ನು ನೋಡಿ. ಹೆಚ್ಚಾಗಿ ಅದು ಹೆಂಗಸರ ಕೈ. ಎತ್ತಿನ ಹೆಜ್ಜೆಗೆ ಸರಿಯಾಗಿ ಕಾಳು ಜಾರಿಸುವ ಆ ಕೆಲಸ ಕೃಷಿ ಡಿಪ್ಲೊಮಾ ಓದಿದ ಮಾತ್ರಕ್ಕೆ ಬರುವಂಥದಲ್ಲ. ಆದರೆ ಅದೇ ಹೊತ್ತಿನಲ್ಲಿ ಅಳುವ ಮಗು, ಬದುವಿನಲ್ಲಿ ಮೇಯುವ ಎಮ್ಮೆ, ಗಂಡಸರು ಕೇಳಿದ್ದಕ್ಕೆಲ್ಲ ಉತ್ತರ, ಎಲ್ಲವೂ ಆಕೆಯ ಪಾಲಿಗೇ! ಕೈ ಒಂದು ಗಳಿಗೆ ತಡೆದರೆ ಎತ್ತು ತಡೆಯುವುದಿಲ್ಲ. ಸಾಲಿನಲ್ಲಿ ಮೂರು ಅಡಿ ಖಾಲಿ ಬೀಳುತ್ತದೆ. ಲೆಕ್ಕ ಹಾಕೋಣ. ಒಂದು ಗುಂಟೆ ಎಂದರೆ 33 ಅಡಿ ಉದ್ದ, 33 ಅಡಿ ಅಗಲ. ಅಡಿಗೊಂದರಂತೆ 33 ಸಾಲು. ಸಾಲಿಗೆ ಮೂರು ಅಡಿ ತಪ್ಪಿದರೆ 99 ಅಡಿ, ಅಂದರೆ ಇಡೀ ಮೂರು ಸಾಲು. 40 ಗುಂಟೆಯ ಎಕರೆಯಲ್ಲಿ ಮೂರೂವರೆ ಗುಂಟೆಗಿಂತ ಹೆಚ್ಚು ನೆಲ ಬಿತ್ತದೆ ಬಿಟ್ಟಂತಾಯಿತು. ಅಲ್ಲಿ ಕಳೆ ಏಳುತ್ತದೆ. ಕೀಳುವವರೂ ಅದೇ ಹೆಂಗಸರು. ಬಿತ್ತನೆಯ ದಿನ ಮಗುವನ್ನೂ ಎಮ್ಮೆಯನ್ನೂ ಮನೆಯಲ್ಲಿ ಬೇರೆಯವರು ನೋಡಿಕೊಳ್ಳಲಿ.

ಬಡಗಿಯ ಕೆಲಸ, ಗೊಬ್ಬರ, ಬೀಜ ಹಸನು ಮಾಡುವುದು ಈಗಲೇ ಮುಗಿಯಲಿ. ಹದ ಬಂದ ಮೇಲೆ ಹಿಡಿದ ಹೊಲವನ್ನು ಬಿತ್ತಿ, ಕೊರಡು ಎಳೆದು ಮುಚ್ಚುವ ತನಕ ಇನ್ನೊಂದರ ಕಡೆ ತಿರುಗಬೇಡಿ. ಒಂದೇ ಜೊತೆ ಎತ್ತು ಇರುವವರು ಹಿರಿಯರ ಮುಯ್ಯಾಳಿನ ಪದ್ಧತಿಯಂತೆ ಎರಡು ಮನೆ ಕೂಡಿಕೊಳ್ಳಿ. ಒಂದು ಜೊತೆ ಕೂರಿಗೆಗೆ, ಹಿಂದೆಯೇ ಇನ್ನೊಂದು ಜೊತೆ ಕೊರಡಿಗೆ. ಇಂದು ಒಬ್ಬರ ಹೊಲ, ನಾಳೆ ಇನ್ನೊಬ್ಬರದು. ಯಾರದು ಮೊದಲು ಎಂಬಲ್ಲಿ ಜಗಳ ಹುಟ್ಟುವುದನ್ನೂ ಬಲ್ಲೆ. ದಿಬ್ಬದ ಹೊಲ ಬೇಗ ಒಣಗುತ್ತದೆ; ಯಾರದ್ದಾದರೂ ಸರಿ, ಅದು ಮೊದಲು. ಮಳೆ ಬಿದ್ದ ಮೇಲೆ ಚರ್ಚೆಗೆ ಹೊತ್ತಿರುವುದಿಲ್ಲ. ಈ ವಾರವೇ ಜಗಲಿಯ ಮೇಲೆ ಕುಳಿತು ಜೊತೆಗಾರರನ್ನು ಗೊತ್ತುಮಾಡಿಕೊಳ್ಳಿ.