ಕಾಯ್ಕಿಣಿಯಿಂದ ಕಾರವಾರಕ್ಕೆ: ಖೂನಿ ಮೊಕದ್ದಮೆಯ ಹಾದಿ



ಭಟ್ಕಳ ತಾಲ್ಲೂಕಿನ ಕಾಯ್ಕಿಣಿಯಂಥ ಹಳ್ಳಿಯೊಂದರಲ್ಲಿ ಖೂನಿಯಾಯಿತೆಂದು ಊಹಿಸಿಕೊಳ್ಳಿರಿ. ಯಾವನೋ ಒಬ್ಬನು ಠಾಣೆಗೆ ಹೋಗಿ ಕಂಡುದನ್ನು ಹೇಳುತ್ತಾನೆ. ಅಧಿಕಾರಿಯು ಅದನ್ನು ಬರೆದು, ಓದಿ ಹೇಳಿ, ರುಜು ಪಡೆದು, ಒಂದು ಪ್ರತಿಯನ್ನು ಪುಕ್ಕಟೆಯಾಗಿ ಅವನಿಗೆ ಕೊಡತಕ್ಕದ್ದು. ‘ಇದು ನಮ್ಮ ಸರಹದ್ದಲ್ಲ’ ಎಂದು ಹಿಂದಕ್ಕೆ ಕಳುಹುವುದಕ್ಕೆ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಎಡೆಯಿಲ್ಲ.

ಹಿಡಿದ ಆಪಾದಿತನನ್ನು, ಪ್ರಯಾಣದ ಹೊತ್ತನ್ನು ಬಿಟ್ಟು, 24 ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರ ಎದುರು ನಿಲ್ಲಿಸಬೇಕು. ಅವನು ಬಂಧನದಲ್ಲಿದ್ದು 90 ದಿನಗಳಾದರೂ ತನಿಖೆ ಮುಗಿದು ದೋಷಾರೋಪಣ ಪಟ್ಟಿ ಬಾರದಿದ್ದರೆ, ಜಾಮೀನು ಕೊಡಲು ಸಿದ್ಧನಾದವನನ್ನು ಬಿಡಲೇಬೇಕು. ‘ಕೊಲೆಗಡುಕನನ್ನು ಬಿಟ್ಟರಂತೆ’ ಎಂದು ಪೇಟೆಯಲ್ಲಿ ಗುಲ್ಲೇಳುವುದು ಇಂಥ ಸಮಯದಲ್ಲಿಯೇ. ಜಾಮೀನು ಖುಲಾಸೆಯಲ್ಲ, ವಿಚಾರಣೆ ಹೇಗೂ ನಡೆಯುತ್ತದೆ.

ಖೂನಿಯನ್ನು ವಿಚಾರಿಸುವ ಅಧಿಕಾರ ಭಟ್ಕಳದ ಮ್ಯಾಜಿಸ್ಟ್ರೇಟರಿಗಿಲ್ಲ. ಕಾಗದಪತ್ರಗಳ ಪ್ರತಿಗಳನ್ನು ಆಪಾದಿತನಿಗೆ ಕೊಡಿಸಿ, ಮೊಕದ್ದಮೆಯನ್ನು ಸೆಷನ್ಸ್ ನ್ಯಾಯಾಲಯಕ್ಕೆ ಒಪ್ಪಿಸುವುದಷ್ಟೇ ಅವರ ಕೆಲಸ. 1974ಕ್ಕೆ ಮುಂಚೆ ಇಲ್ಲಿಯೇ ಒಂದು ಪೂರ್ವವಿಚಾರಣೆಯೂ ನಡೆಯುತ್ತಿತ್ತು. ಒಂದೇ ಕಥೆಯನ್ನು ಎರಡು ಸಲ ಹೇಳಿಸುವ ಆ ಪದ್ಧತಿ ಹೋದುದು ಒಳ್ಳೆಯದೇ ಆಯಿತು.

ಜಿಲ್ಲೆಯ ಪ್ರಧಾನ ಸೆಷನ್ಸ್ ನ್ಯಾಯಾಲಯವಿರುವುದು ಕಾರವಾರದಲ್ಲಿ. ಶರಾವತಿ, ಅಘನಾಶಿನಿ, ಗಂಗಾವಳಿ, ಈ ಮೂರು ಹೊಳೆಗಳನ್ನು ದಾಟಿ ನೂರು ಕಿಲೋಮೀಟರಿಗೂ ಮಿಕ್ಕ ದಾರಿ. ಆಪಾದಿತನಿಗೆ ವಕೀಲರನ್ನಿಡುವ ಶಕ್ತಿಯಿಲ್ಲದಿದ್ದರೆ ಸರಕಾರದ ಖರ್ಚಿನಲ್ಲಿ ವಕೀಲರನ್ನು ಒದಗಿಸಬೇಕು. ಆರೋಪವನ್ನು ಓದಿ ಹೇಳಿ, ಒಪ್ಪುವೆಯೋ ಇಲ್ಲವೋ ಎಂದು ಕೇಳುತ್ತಾರೆ. ಇಲ್ಲವೆಂದರೆ ಸಾಕ್ಷಿಗಳನ್ನು ಕರೆಯುತ್ತಾರೆ.

ಅನೇಕರಿಗೆ ತಿಳಿಯದ ಸಂಗತಿ ಇಲ್ಲಿದೆ. ಪೊಲೀಸ್ ಅಧಿಕಾರಿಯೆದುರು ಮಾಡಿದ ತಪ್ಪೊಪ್ಪಿಗೆಯನ್ನು ಆಪಾದಿತನ ವಿರುದ್ಧ ರುಜುವಾತುಪಡಿಸುವಂತಿಲ್ಲ. ತನಿಖೆಯಲ್ಲಿ ಸಾಕ್ಷಿಗಳಿಂದ ಬರೆದುಕೊಂಡ ಹೇಳಿಕೆಯೂ ಸಾಕ್ಷ್ಯವಲ್ಲ. ಸಾಕ್ಷಿ ಬೇರೆ ಮಾತಾಡಿದರೆ, ಅವನ ಮಾತಿನ ವಿರೋಧವನ್ನು ತೋರಿಸಲು ಮಾತ್ರ ಅದು ಸಲ್ಲುತ್ತದೆ. ಆದುದರಿಂದ, ಗದ್ದೆಯ ಕೂಲಿ ಬಿಟ್ಟು ಬೆಳಗಿನ ಬಸ್ಸಿಗೆ ಹೊರಟ ಹೆಂಗಸೊಬ್ಬಳು ಕಟಕಟೆಯಲ್ಲಿ ನಿಂತು, ಪಾಟೀಸವಾಲಿಗೆ ಅಂಜದೆ ಏನು ಹೇಳುವಳೋ ಅದರ ಮೇಲೆ ಒಬ್ಬನ ಜೀವ ನಿಂತಿರುತ್ತದೆ. ಅಷ್ಟರಲ್ಲಿ ವರ್ಷಗಳು ಕಳೆದಿರಬಹುದು. ಆಪಾದಿತನು ನೆರೆಮನೆಯವನೇ ಆಗಿರಬಹುದು. ಆಕೆ ‘ನಾನು ಕಾಣಲಿಲ್ಲ’ ಎಂದುಬಿಟ್ಟರೆ ಆಕೆಯನ್ನು ಪ್ರತಿಕೂಲ ಸಾಕ್ಷಿಯೆನ್ನುತ್ತಾರೆ. ಎಲ್ಲರೂ ಸುಳ್ಳರೆಂದು ನಾನು ನಂಬಲಾರೆ. ಭಯವೂ ದಣಿವೂ ಅವರ ಬಾಯಿ ಕಟ್ಟುತ್ತವೆ. ಸುಪ್ರೀಂ ಕೋರ್ಟು 2018ರಲ್ಲಿ ಸಾಕ್ಷಿರಕ್ಷಣೆಯ ಯೋಜನೆಯೊಂದನ್ನು ಒಪ್ಪಿ ದೇಶಕ್ಕೆಲ್ಲ ಅನ್ವಯಿಸಿದುದು ಇದಕ್ಕಾಗಿಯೇ.

ವಾದ ಮುಗಿದ 30 ದಿನಗಳೊಳಗೆ, ಕಾರಣವಿದ್ದರೆ 45 ದಿನಗಳೊಳಗೆ, ತೀರ್ಪಾಗಬೇಕು. ಮರಣದಂಡನೆಯಾದರೆ ಉಚ್ಚ ನ್ಯಾಯಾಲಯವು ಸ್ಥಿರಪಡಿಸುವವರೆಗೆ ಅದನ್ನು ನಡೆಸುವಂತಿಲ್ಲ. ಈ ಜಿಲ್ಲೆಯು 1862ರಿಂದ ಮುಂಬಯಿ ಪ್ರಾಂತಕ್ಕೆ ಸೇರಿತ್ತು. 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂದಿತು. 2008ರಿಂದ ಇಲ್ಲಿಯ ಅಪೀಲುಗಳು ಘಟ್ಟದ ಮೇಲಣ ಧಾರವಾಡದ ಪೀಠಕ್ಕೆ ಹೋಗುತ್ತವೆ. ಅಲ್ಲಿ ಸಾಕ್ಷಿಗಳನ್ನು ಸಾಮಾನ್ಯವಾಗಿ ಮತ್ತೆ ಕರೆಯುವುದಿಲ್ಲ. ಕಾರವಾರದಲ್ಲಿ ಆಕೆ ಆಡಿದ ಮಾತಿನ ಬರಹವನ್ನೇ ಓದುತ್ತಾರೆ.