ಅಶೋಕನಿಂದ ಆರಂಭಿಸಿದ ಅಧ್ಯಾಪಕ

ಇಂದಿರಾನಗರದ ನಮ್ಮ ಬೀದಿಯಿಂದ ಸಂವಹನಶಾಸ್ತ್ರವನ್ನು ಓದಲು ಹೊರದೇಶಕ್ಕೆ ಹೊರಡುವ ತರುಣರಿದ್ದಾರೆ. ಈ ವಿದ್ಯೆ ನಿನ್ನೆ ಮೊನ್ನೆಯದೆಂದು ಅವರ ಎಣಿಕೆ. ಅವರನ್ನು ದೂರುವಂತಿಲ್ಲ, ನಾಡಿಗ ಕೃಷ್ಣಮೂರ್ತಿಯವರ ಹೆಸರನ್ನು ಅವರಿಗೆ ಹೇಳಿದವರಾದರೂ ಯಾರು?

ಅಮೆರಿಕದ ಮಿಸ್ಸೂರಿ ವಿಶ್ವವಿದ್ಯಾಲಯದಲ್ಲಿ ಕಲಿತ ನಾಡಿಗರು, ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ 1951ರಲ್ಲಿ ಆರಂಭವಾದ ಪತ್ರಿಕೋದ್ಯಮ ವಿಭಾಗವನ್ನು ಕಟ್ಟಿ ಬೆಳೆಸಿದರು. ಪತ್ರಿಕೆಯ ಕೆಲಸವನ್ನು ಕಚೇರಿಯಲ್ಲಿ ಕಲಿಯಬೇಕು, ತರಗತಿಯಲ್ಲಲ್ಲ ಎಂದು ಹಿರಿಯ ಪತ್ರಕರ್ತರು ನಗುತ್ತಿದ್ದ ಕಾಲವದು. ಭಾರತೀಯ ಪತ್ರಿಕೋದ್ಯಮವನ್ನು ಕುರಿತು 1966ರಲ್ಲಿ ಪ್ರಕಟವಾದ ಅವರ ಇಂಗ್ಲಿಷ್ ಗ್ರಂಥ ಅಶೋಕನಿಂದ ಹೊರಟು ನೆಹರೂವರೆಗೆ ಬರುತ್ತದೆ. ಗಮನಿಸಿ, ಅಚ್ಚಿನ ಯಂತ್ರದಿಂದಲ್ಲ, ಅಶೋಕನಿಂದ! ಪಾಠವನ್ನು ಪಡುವಣದಿಂದ ತಂದವರು ಕಥೆಯ ಮೊದಲನ್ನು ಮಾತ್ರ ಎರವಲು ತರಲಿಲ್ಲ. ನನ್ನ ದೃಷ್ಟಿಯಲ್ಲಿ ಅದೇ ಅವರ ಹಿರಿಮೆ.

ಅಶೋಕನ ಹೆಸರನ್ನೇ ಹೊತ್ತ ಶಾಸನ 1915ರಲ್ಲಿ ದೊರೆತದ್ದು ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ. ಅದೇ ಜಿಲ್ಲೆಯ ಹಳ್ಳಿಗಳಿಗೆ 1975-76ರಲ್ಲಿ ಉಪಗ್ರಹದ ಮೂಲಕ ಟೆಲಿವಿಷನ್ ಬಂದಿತು. 'ಸೈಟ್' ಎಂಬ ಆ ಪ್ರಯೋಗಕ್ಕೆ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳು ಒಳಪಟ್ಟಿದ್ದವು. ಬಂಡೆ ಪ್ರಾಕೃತದಲ್ಲಿ ನುಡಿದಿತ್ತು, ಪೆಟ್ಟಿಗೆ ಕನ್ನಡದಲ್ಲಿ ನುಡಿಯಿತು. ನುಡಿ ಹತ್ತಿರವಾಯಿತು, ನಿಜ. ಎರಡೂ ಮೇಲಿನಿಂದ ಇಳಿದ ಮಾತುಗಳೇ. ದೇಶದೇಶಗಳ ನಡುವೆಯೂ ಮಾತು ಹೀಗೆ ಒಂದೇ ದಿಕ್ಕಿಗೆ ಹರಿಯುವುದನ್ನು ಯುನೆಸ್ಕೋದ ಮ್ಯಾಕ್‌ಬ್ರೈಡ್ ಆಯೋಗ 1980ರಲ್ಲಿ ಎತ್ತಿ ತೋರಿಸಿತು.

'ಸೈಟ್' ನಡೆದಾಗ ಕೆಲವು ಹಳ್ಳಿಗಳಲ್ಲಿ ಸಂಶೋಧಕರು ತಂಗಿದ್ದು, ನೋಡಿದವರು ಏನೆಂದರೆಂಬುದನ್ನು ಬರೆದುಕೊಂಡರು. ಈ ಶಾಸ್ತ್ರದ ಜೀವವಿರುವುದು ಆ ಟಿಪ್ಪಣಿಗಳಲ್ಲಿ. ಕನ್ನಡದಲ್ಲಿ ಆಡಿದ ಆ ಮಾತುಗಳು ವರದಿಯಾಗುವ ಹೊತ್ತಿಗೆ ಇಂಗ್ಲಿಷಾಗಿದ್ದವು.