ಎಸ್‌ಎಸ್‌ಡಿಗೂ ಸೆಕೆಯಾಗುತ್ತದೆ
(ಮಹಿಳಾ ವೇದಿಕೆಯ ಮೇ ತಿಂಗಳ ಕೂಟದಲ್ಲಿ ಆಡಿದ ಮಾತು)



ವೇದಿಕೆಯ ಹಳೆಯ ನಾಟಕ, ಹಾಡುಗಳ ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಏರಿಸುವ ಕೆಲಸ ನಮ್ಮ ಮನೆಯಲ್ಲಿ ನಡೆಯುತ್ತಿದೆ. "ಹೊಸ ಡೆಸ್ಕ್‌ಟಾಪ್ ಕಾದ ಹೆಂಚಿನಂತಾಗುತ್ತದಂತೆ, ನಮ್ಮ ನಾಟಕಗಳು ಸುಟ್ಟುಹೋದಾವೇ?" ಎಂದು ಕಳೆದ ಸಲ ಕೇಳಿದ್ದಿರಿ. ನ್ಯಾಯವಾದ ಪ್ರಶ್ನೆ. ಎಷ್ಟೋ ನಾಟಕಗಳಿಗೆ ಇರುವುದು ಒಂದೇ ಕ್ಯಾಸೆಟ್.

ಬಿಸಿಯಾಗುವುದು ಒಳಗಿನ ಎಸ್‌ಎಸ್‌ಡಿ. ಹಳೆಯ ಸಾಟಾ ಎಸ್‌ಎಸ್‌ಡಿ ಸೆಕೆಂಡಿಗೆ ಸುಮಾರು 550 ಎಂಬಿ ಓದುತ್ತಿತ್ತು. ಈಗಿನ ಎನ್‌ವಿಎಂಇ ಡ್ರೈವ್, ಪಿಸಿಐಇ 4.0 ಆದರೆ 7 ಜಿಬಿ ತನಕ, 5.0 ಆದರೆ 14 ಜಿಬಿ ಹತ್ತಿರ ಓಡುತ್ತದೆ. ಇಷ್ಟೆಲ್ಲ ಕೆಲಸ ಮಾಡುವುದು 22 ಮಿ.ಮೀ. ಅಗಲ, 80 ಮಿ.ಮೀ. ಉದ್ದದ ಒಂದು ಪಟ್ಟಿ! ಅದರಲ್ಲೂ ಹೆಚ್ಚು ಕಾಯುವುದು ಕಂಟ್ರೋಲರ್ ಎಂಬ ಚಿಪ್ಪು. ಮಾದರಿಗೆ ತಕ್ಕಂತೆ ಎಪ್ಪತ್ತು-ಎಂಬತ್ತು ಡಿಗ್ರಿ ದಾಟುತ್ತಿದ್ದಂತೆ ಅದು ತಾನಾಗಿಯೇ ವೇಗ ತಗ್ಗಿಸಿಕೊಳ್ಳುತ್ತದೆ. ಹಾಗಾಗಿ ನಾಟಕ ಸುಡುವುದಿಲ್ಲ, ನಕಲು ಮಾಡುವ ಕೆಲಸ ಎಳೆದಾಡುತ್ತದೆ ಅಷ್ಟೆ.

ತಂಪು ಮಾಡುವುದು ಹೇಗೆ? ಮೊದಲು ಮದರ್‌ಬೋರ್ಡ್ ಜೊತೆಗೇ ಬಂದ ಲೋಹದ ತಟ್ಟೆಯನ್ನು, ಅಂದರೆ ಹೀಟ್‌ಸಿಂಕನ್ನು ಹಾಕಿ. ಅದರ ಕೆಳಗಿನ ಥರ್ಮಲ್ ಪ್ಯಾಡಿಗೆ ಅಂಟಿರುವ ಪ್ಲಾಸ್ಟಿಕ್ ಹಾಳೆ ಸುಲಿಯಬೇಕು. ಡ್ರೈವ್ ಮೇಲಿನ ಲೇಬಲ್ ಮಾತ್ರ ಕೀಳಬೇಡಿ, ವಾರಂಟಿ ಹೋದೀತು. ಪಿಸಿಐಇ 4.0 ಡ್ರೈವಿಗೆ ಬಹುಮಟ್ಟಿಗೆ ಇಷ್ಟು ಸಾಕು. 5.0 ಕೊಂಡವರಿಗೆ ದಪ್ಪ ಹೀಟ್‌ಸಿಂಕ್ ಬೇಕೇ ಬೇಕು. ಎತ್ತರದ್ದು ಕೊಳ್ಳುವ ಮುನ್ನ ಗ್ರಾಫಿಕ್ಸ್ ಕಾರ್ಡಿಗೆ ತಾಗುತ್ತದೆಯೇ ಅಳೆದು ನೋಡಿ.

ಆದರೆ ತಟ್ಟೆ ಬಿಸಿಯನ್ನು ಹರಡುತ್ತದೆಯೇ ಹೊರತು ನುಂಗುವುದಿಲ್ಲ. ಅದನ್ನು ಹೊತ್ತೊಯ್ಯಲು ಗಾಳಿ ಬೇಕು. ಗ್ರಾಫಿಕ್ಸ್ ಕಾರ್ಡಿನ ಅಡಿಯಲ್ಲಿರುವ ಸ್ಲಾಟ್ ಎಂದರೆ ಒಲೆಯ ಪಕ್ಕ ಮಜ್ಜಿಗೆ ಇಟ್ಟ ಹಾಗೆ. ಬೇರೆ ಸ್ಲಾಟ್ ಇದ್ದರೆ, ಅದರ ವೇಗ ಎಷ್ಟೆಂದು ಕೈಪಿಡಿಯಲ್ಲಿ ನೋಡಿಕೊಂಡು ಅಲ್ಲಿಗೆ ಬದಲಿಸಿ, ಖರ್ಚಿಲ್ಲ. ಡ್ರೈವ್ ಮೇಲೆಯೇ ಕೂರುವ ಪುಟ್ಟ ಫ್ಯಾನುಗಳು ಸೊಳ್ಳೆಯಂತೆ ಗುಂಯ್‌ಗುಡುತ್ತವೆ, ನನಗಂತೂ ಸೇರವು. ಕ್ಯಾಬಿನೆಟ್ಟಿನ ಮುಂದೆ ನಿಧಾನ ತಿರುಗುವ 120 ಮಿ.ಮೀ. ಫ್ಯಾನ್ ಒಂದಿದ್ದರೆ ಒಳಗಿರುವ ಎಲ್ಲಕ್ಕೂ ಒಳ್ಳೆಯದು. ಇನ್ನು ಚೆನ್ನೈಯ ಅಗ್ನಿನಕ್ಷತ್ರದ ದಿನಗಳು! ಕೋಣೆಯೇ 36 ಡಿಗ್ರಿ ಇರುವಾಗ ಯಾವ ಹೀಟ್‌ಸಿಂಕೂ ಅದಕ್ಕಿಂತ ಕೆಳಗೆ ಇಳಿಸದು. ನಾನು ದೊಡ್ಡ ನಕಲುಗಳನ್ನು ಬೆಳಗಿನ ಜಾವಕ್ಕೆ ಇಟ್ಟುಕೊಂಡಿದ್ದೇನೆ.

ದುಡ್ಡು ಬಿಚ್ಚುವ ಮೊದಲು ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶ ತೆರೆದು, ವೇಗ ಕುಸಿದ ಹೊತ್ತಿನಲ್ಲಿ ಡ್ರೈವಿನ ಉಷ್ಣಾಂಶ ನೋಡಿ. ಐವತ್ತರ ಆಸುಪಾಸಿನಲ್ಲೇ ಕುಸಿದರೆ ತಪ್ಪು ಬಿಸಿಯದ್ದಲ್ಲ. ಬರೆಯುವಾಗ ಮೊದಲು ತುಂಬುವ ವೇಗದ ಕ್ಯಾಶ್ ಭಾಗ ಭರ್ತಿಯಾಗಿರುತ್ತದೆ. ಅದಕ್ಕೆ ಯಾವ ಕೂಲರೂ ಮದ್ದಲ್ಲ.

ಅಂಗಡಿಯವರೊಬ್ಬರು ನೀರು ಹರಿಸಿ ತಣಿಸುವ ಕಿಟ್ಟನ್ನೇ ಕೊಳ್ಳಿ ಎಂದರು. ನಾನು ಒಪ್ಪಲಿಲ್ಲ. ಎಸ್‌ಎಸ್‌ಡಿ ಎಷ್ಟೇ ತಣ್ಣಗಿದ್ದರೂ ಒಂದು ದಿನ ಕೆಡಬಹುದು. ಆ ಹಣಕ್ಕೆ ಒಂದು ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್ ಕೊಳ್ಳೋಣ ಎಂದು ಸಮಿತಿಯನ್ನು ಕೇಳಿದ್ದೇನೆ. ಎರಡನೆಯ ಪ್ರತಿ ನನ್ನ ಮನೆಯಲ್ಲಿರುವುದು ಬೇಡ. ಯಾರು ಇಟ್ಟುಕೊಳ್ಳುತ್ತೀರಿ, ಚಹಾ ಹೊತ್ತಿಗೆ ಹೇಳಿ. ಕ್ಯಾಸೆಟ್ ಇನ್ನೂ ಕೊಡದವರು ಮುಂದಿನ ಕೂಟಕ್ಕೆ ತನ್ನಿ.